ಅಣ್ಣನ ಹೆಸರಿನ ಕೆಳಗಿನ ಗೆರೆ

೮ ಜುಲೈ ೨೦೨೫, ಮಂಗಳವಾರ. ಹೂವಿನಹಡಗಲಿ

ಐವತ್ತೊಂದು ವರ್ಷಗಳಿಂದ ಪರರ ಹೆಸರಿನಲ್ಲಿ ಪರರ ಸಂಕಟವನ್ನು ನಿವೇದಿಸಿಕೊಂಡು ಬಂದಿರುವ ಅರ್ಜಿ ಬರಹಗಾರ ಹಾಲಸ್ವಾಮಿ, ವಯಸ್ಸು ಎಪ್ಪತ್ನಾಲ್ಕು, ಇಂದಿನಿಂದ ಈ ನೋಟುಬುಕ್ಕಿನಲ್ಲಿ ತನ್ನ ಪರವಾಗಿ ಬರೆದುಕೊಳ್ಳಲು ತೀರ್ಮಾನಿಸಿದ್ದಾನೆ. ಇದನ್ನು ಓದತಕ್ಕ ಅಧಿಕಾರಿ ಯಾರೂ ಇರುವುದಿಲ್ಲ. ಆದಕಾರಣ ಇದಕ್ಕೆ ಮುದ್ರಾಂಕವೂ ಬೇಕಿಲ್ಲ, ವಿನಯವೂ ಬೇಕಿಲ್ಲ.

ಸಂಗತಿ ಏನೆಂದರೆ, ಇಂದು ಹನ್ನೊಂದು ಗಂಟೆಗೆ ತಾಲ್ಲೂಕು ಕಚೇರಿಯ ಜವಾನ ನನ್ನ ಟೇಬಲ್ಲಿಗೆ ಬಂದು ನನಗೇ ಒಂದು ನೋಟೀಸು ಕೊಟ್ಟ. ಯಾವ ಬೇವಿನ ಮರದ ಕೆಳಗೆ ಕುಳಿತು ನಾನು ಸಾವಿರಾರು ನೋಟೀಸುಗಳಿಗೆ ಜವಾಬು ಬರೆದಿದ್ದೇನೋ ಅದೇ ಮರದ ಕೆಳಗೆ, ಚಹಾ ಕುಡಿಯುವವರೆಲ್ಲ ನೋಡುತ್ತಿರುವಾಗ.

ನನ್ನ ಅಣ್ಣ ಅಜ್ಜಯ್ಯ ೧೯೯೯ರಲ್ಲಿ ತೀರಿಕೊಂಡ. ಅತ್ತಿಗೆ ಅದಕ್ಕೂ ಮೊದಲೇ ಹೋಗಿದ್ದಳು. ಅವರ ಒಬ್ಬಳೇ ಮಗಳು ಗೀತಾಂಜಲಿ, ಆಗ ಒಂಬತ್ತು ವರ್ಷದವಳು. ಅವಳನ್ನು ಸಾಕಿದವನು ನಾನು, ಓದಿಸಿದವನು ನಾನು, ಕಾನಹೊಸಹಳ್ಳಿಯ ಒಳ್ಳೆಯ ಮನೆತನ ನೋಡಿ ಕೊಟ್ಟವನು ನಾನು. ಇಟ್ಟಿಗಿ ರಸ್ತೆಯಲ್ಲಿರುವ ಅಣ್ಣನ ಒಂದೂವರೆ ಎಕರೆ ಮಲ್ಲಿಗೆ ತೋಟ ನನ್ನ ಹೆಸರಿಗೆ ಬಂದದ್ದೂ ಆ ವರ್ಷವೇ. ಅದಕ್ಕೆ ಬೇಕಾದ ವಂಶವೃಕ್ಷವನ್ನು ನಾನೇ ಬರೆದೆ. ಅಪ್ಪನ ಹೆಸರು; ಅದರಿಂದ ಎರಡು ಗೆರೆ; ಅಣ್ಣ ಮತ್ತು ನಾನು. ನನ್ನ ಹೆಸರಿನಿಂದ ಕೆಳಕ್ಕೊಂದು ಗೆರೆ, ನನ್ನ ಮಗ ಅಮರೇಶ್. ಅಣ್ಣನ ಹೆಸರಿನ ಕೆಳಗೆ ಗೆರೆ ಎಳೆಯಲಿಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಯಾರೂ ಬರೆಸುತ್ತಿರಲಿಲ್ಲ. ನಾನು ಬರೆದುಕೊಟ್ಟ ನೂರಾರು ವೃಕ್ಷಗಳಲ್ಲಿ ಅದೇ ವಾಡಿಕೆ.

ಈಗ ಗೀತಾಂಜಲಿ ತಹಶೀಲ್ದಾರರಿಗೆ ತಕರಾರು ಸಲ್ಲಿಸಿದ್ದಾಳೆ. ವೃಕ್ಷದಲ್ಲಿ ತನ್ನ ಹೆಸರು ಸೇರಬೇಕಂತೆ, ತೋಟ ತನ್ನ ಹೆಸರಿಗೆ ಆಗಬೇಕಂತೆ. ವಿಚಾರಣೆ ಆಗಸ್ಟ್ ಹನ್ನೊಂದಕ್ಕೆ. ಆಗಲಿ. ಈ ಕಚೇರಿಯ ಮೆಟ್ಟಿಲು ನನಗೆ ಹೊಸದಲ್ಲ.

ಆ ಅರ್ಜಿಯನ್ನು ಯಾವುದೋ ಕಂಪ್ಯೂಟರ್ ಅಂಗಡಿಯಲ್ಲಿ ಟೈಪು ಮಾಡಿಸಿದ್ದಾಳೆ. ಜಮೀನಿನ ನಾಲ್ಕೂ ಗಡಿ ಹೇಳುವ ಚಕ್ಕುಬಂದಿ ಇಲ್ಲ, ಕೊನೆಗೆ ಬರತಕ್ಕ ಪ್ರಾರ್ಥನೆ ಮೊದಲ ಸಾಲಿಗೇ ಬಂದು ಕುಳಿತಿದೆ. ‘ಚಿಕ್ಕಪ್ಪನವರು ಮೋಸದಿಂದ’ ಎಂದು ಬರೆಸಿದ್ದಕ್ಕಿಂತ, ನನ್ನ ಮನೆಯಲ್ಲಿ ಬೆಳೆದವಳು ಇಂಥ ಹದಗೆಟ್ಟ ವಾಕ್ಯಕ್ಕೆ ಸಹಿ ಹಾಕಿದಳಲ್ಲ ಎಂಬುದೇ ನನ್ನನ್ನು ಹೆಚ್ಚು ಬಾಧಿಸುತ್ತಿದೆ.

ನನ್ನ ಗುರುಗಳಾದ ಸುಂಕಪ್ಪನವರು ಹೇಳುತ್ತಿದ್ದ ಮಾತೊಂದಿದೆ: "ಅರ್ಜಿ ಬರಿಯಾವ ತನ್ನ ಅರ್ಜಿ ತಾನ ಬರೀಬಾರದಲೇ. ಕೈ ತನ್ನ ಕಡೀಗೇ ವಾಲತೈತಿ." ನಮ್ಮ ವಂಶವೃಕ್ಷವನ್ನು ನಾನೇ ಬರೆದದ್ದು ಆ ಮಾತಿಗೆ ವಿರುದ್ಧವೆಂದು ಯಾರಾದರೂ ಅಂದಾರು. ಅನ್ನಲಿ. ಆಗ ಈ ತಾಲ್ಲೂಕಿನಲ್ಲಿ ನನ್ನದಕ್ಕಿಂತ ಒಳ್ಳೆಯ ಕೈ ಇರಲಿಲ್ಲ.

೧೨ ಜುಲೈ, ಶನಿವಾರ

ನೋಟೀಸು ಬಂತೆಂದು ನಾನು ಯಾವ ರೂಢಿಯನ್ನೂ ಬಿಡುವವನಲ್ಲ. ಎಂದಿನಂತೆ ಹತ್ತು ಗಂಟೆಗೆ ಲೇಯಾಬಾಯಿಯವರ ಮನೆಗೆ ಹೋದೆ.

ಲೇಯಾಬಾಯಿ ಅಷ್ಟಮಕರ್, ವಯಸ್ಸು ಎಂಬತ್ತೊಂದು, ನಿವೃತ್ತ ಹೆರಿಗೆ ನರ್ಸು. ಕೊಂಕಣದ ಯಹೂದಿ ಮನೆತನ. ೧೯೬೯ರಲ್ಲಿ ನೌಕರಿಗೆಂದು ಬಂದವರು ಇಲ್ಲಿಯೇ ನಿಂತರು. ಮೋಶೆಯ ಐದು ಪುಸ್ತಕಗಳಾದ ತೋರಾವನ್ನು ಅವರ ಜನ ವಾರಕ್ಕೊಂದು ಭಾಗದಂತೆ ಓದಿ ವರ್ಷಕ್ಕೊಂದು ಸುತ್ತು ಮುಗಿಸುತ್ತಾರೆ. ಲೋಕದ ಯಾವ ಮೂಲೆಯಲ್ಲಿದ್ದರೂ ಆ ವಾರ ಅದೇ ಭಾಗ. ಒಬ್ಬರೇ ಓದಿದರೆ ಓದಿದಂತಾಗುವುದಿಲ್ಲವಂತೆ. ಎದುರು ಕುಳಿತು ವಾದ ಮಾಡುವವರು ಬೇಕಂತೆ. ಜೊತೆಗಿದ್ದ ತಮ್ಮ ತೀರಿಕೊಂಡ ಮೇಲೆ ಇವರಿಗೆ ಈ ಊರಿನಲ್ಲಿ ಸ್ವಂತ ಜನವೆಂದು ಯಾರೂ ಉಳಿಯಲಿಲ್ಲ. ವಾದಕ್ಕೆ ನಾವು ಮೂವರು ಸಿಕ್ಕೆವು. ಮೋಶೆ ಎಂದರೆ ಮೂಸಾ, ನಮ್ಮ ಪೈಗಂಬರರೂ ಹೌದು ಎಂದು ಪಂಪ್‌ಸೆಟ್ ಮೆಕ್ಯಾನಿಕ್ ಮಕ್ತುಂ ಸಾಬ್ ಬರುತ್ತಾರೆ. ಗಂಡ ಅಲ್ಲಿ ಏನು ಮಾತಾಡುತ್ತಾನೋ ಎಂದು ಕಾಯಲು ಲಾಲ್ ಬೀ ಬರುತ್ತಾರೆ. ನಾನು ಮೂರು ವರ್ಷದಿಂದ ಹೋಗುತ್ತಿರುವುದು ಆ ಮನೆಯ ಕುರ್ಚಿಗಳು ನನ್ನ ಬೆನ್ನಿಗೆ ಒಗ್ಗುತ್ತವೆಂದು.

ಶನಿವಾರ ಅವರಿಗೆ ಸಬ್ಬತ್ತು, ಕೆಲಸ ನಿಷಿದ್ಧವಾದ ವಿಶ್ರಾಂತಿಯ ದಿನ. ಆ ದಿನ ಆ ಮನೆಯಲ್ಲಿ ಒಂದಕ್ಷರ ಬರೆಯುವಂತಿಲ್ಲ. ಬಾಗಿಲ ಬಳಿಯ ಹಿತ್ತಾಳೆ ತಟ್ಟೆಯಲ್ಲಿ ಪೆನ್ನು ಇಟ್ಟು ನಾನು ಒಳಗೆ ಹೋಗಬೇಕು. ಕತ್ತಿ ತೆಗೆದಿಟ್ಟ ಪಾಳೆಯಗಾರನಂತೆ ಕುಳಿತಿರುತ್ತೇನೆ.

ಇಂದಿನ ಭಾಗದಲ್ಲಿ ಕತ್ತೆಯೊಂದು ಮಾತಾಡುತ್ತದೆ. ದಾರಿಗೆ ಅಡ್ಡನಿಂತ ದೇವದೂತ ಕತ್ತೆಗೆ ಕಾಣುತ್ತಾನೆ. ಮೇಲೆ ಕುಳಿತ ಪಂಡಿತನಿಗೆ ಕಾಣುವುದಿಲ್ಲ. ಅವನು ಕತ್ತೆಯನ್ನೇ ಹೊಡೆಯುತ್ತಾನೆ.

"ಇದರಾಗ ಅಚ್ಚರಿ ಏನೈತ್ರಿ ಬಾಯಿ?" ಎಂದರು ಲಾಲ್ ಬೀ. "ನಮ್ಮ ಮನ್ಯಾಗ ನಲವತ್ತು ವರ್ಷದಿಂದ ಹಿಂಗ ನಡದೈತಿ."

"ಹಂಗಾರ ಕತ್ತೆ ಯಾರು ಅಂತಾನೂ ಹೇಳಿಬಿಡು," ಎಂದರು ಮಕ್ತುಂ ಸಾಬ್.

"ಹೊಡಿಸ್ಕೊಂಡ್ರೂ ಖರೇ ಹೇಳಿದ್ದು ಕತ್ತೆನ ಅಲ್ಲೇನು? ನಾನ ಕತ್ತೆ. ಹಾಲಸ್ವಾಮಿಯೋರ, ಬರ್ಕೋರಿ."

"ಇವತ್ತು ಬರಿಯಂಗಿಲ್ಲ," ಎಂದರು ಲೇಯಾಬಾಯಿ. ಹೊರಡುವಾಗ ತಮ್ಮ ಕೈಬರಹದ ಕನ್ನಡ ಪುಸ್ತಕವನ್ನು ನನ್ನ ಕೈಗಿತ್ತರು. "ಮುಂದಿನ ವಾರ ನೀವು ಮಾತಾಡಬೇಕ್ರಿ. ಅದರಾಗೊಂದು ಅರ್ಜಿ ಐತಿ. ನಿಮ್ಮ ಧಂದೇದ್ದು."

೧೫ ಜುಲೈ, ಮಂಗಳವಾರ

ಅಮರೇಶ್ ಹೂವಿನ ಮಂಡಿಯಿಂದ ಬಂದವನೇ ಕೇಳಿದ. "ಅಪ್ಪಾ, ಜವಾಬು ಬರದ್ಯೇನು? ನೀ ಒಂದ್ಸಲ ಬರದು ಒಗದ್ರ ಮುಗೀತು ಬಿಡು. ನಿನ್ನ ಅರ್ಜಿ ಎಂದಾರ ವಾಪಸ್ ಬಂದೈತೇನು?"

ಬಂದಿಲ್ಲ. ಜವಾಬಿಗೆ ಹನ್ನೊಂದು ಕಲಮು ಯೋಜಿಸಿದ್ದೇನೆ. ಸಾಕಿದ್ದು, ಓದಿಸಿದ್ದು, ಲಗ್ನ ಮಾಡಿದ್ದು, ಇಪ್ಪತ್ತಾರು ವರ್ಷ ತೋಟಕ್ಕೆ ನೀರು ಹಾಯಿಸಿದ್ದು, ಎಲ್ಲ ಸೊಗಸಾಗಿ ಬಂದಿವೆ. ನಾಲ್ಕನೆಯ ಕಲಮು ಮಾತ್ರ ಬಾಕಿ. ಅದು ಮೃತರ ಸಂತತಿಯ ಕುರಿತಾದದ್ದು. ನಾಳೆ ಬರೆದರಾಯಿತು.

೧೯ ಜುಲೈ, ಶನಿವಾರ

ಇಂದು ನಾನು ಮಾತಾಡಿದೆ. ಸಂಗತಿ ಇಷ್ಟು: ಸೆಲೊಫ್ಹಾದನೆಂಬವನು ಗಂಡುಮಕ್ಕಳಿಲ್ಲದೆ ಮರುಭೂಮಿಯಲ್ಲಿ ಸಾಯುತ್ತಾನೆ. ಅವನ ಐವರು ಹೆಣ್ಣುಮಕ್ಕಳು ಮೋಶೆಯ ಎದುರು, ಹಿರಿಯರ ಎದುರು, ಸಮಸ್ತ ಸಭೆಯ ಎದುರು ಬಂದು ನಿಂತು, ಅಪ್ಪನ ಪಾಲಿನ ಭೂಮಿಯನ್ನು ನಮಗೆ ಕೊಡಿ ಎನ್ನುತ್ತಾರೆ. ಮೋಶೆ ತಾನು ತೀರ್ಪು ಹೇಳದೆ ಅದನ್ನು ದೇವರ ಮುಂದೊಯ್ಯುತ್ತಾನೆ.

ಲೇಯಾಬಾಯಿಯವರು ಇದನ್ನು ನನಗೇ ಏಕೆ ವಹಿಸಿದರೆಂದು ತಿಳಿಯದಷ್ಟು ಮೂಢ ನಾನಲ್ಲ. ಬೇವಿನ ಮರದ ಸುದ್ದಿ ಆ ಮನೆಯನ್ನೂ ತಲುಪಿದೆ. ಆದರೂ ಹಿಂಜರಿಯದೆ, ಬರಹಗಾರನ ದೃಷ್ಟಿಯಿಂದ ದೋಷಗಳನ್ನು ಒಂದೊಂದಾಗಿ ಎತ್ತಿ ಹೇಳಿದೆ. ಕೇಳುತ್ತಿರುವ ಭೂಮಿಯನ್ನು ಅರ್ಜಿದಾರರೇ ಇನ್ನೂ ಕಂಡಿಲ್ಲ. ಗಡಿಯ ವಿವರವಿಲ್ಲ. ದಾಖಲೆ ಲಗತ್ತಿಸಿಲ್ಲ. ಕೆಳಗಿನ ಕಚೇರಿಗೆ ಹೋಗದೆ ನೇರವಾಗಿ ದೊಡ್ಡವರ ಬಳಿ ಹೋಗಿದ್ದಾರೆ.

"ಕಡೀಗೆ ಅರ್ಜಿ ಏನಾತ್ರಿ?" ಎಂದರು ಮಕ್ತುಂ ಸಾಬ್.

ಮಂಜೂರಾಯಿತು ಎಂದೆ.

"ಅಂದ್ರ ದೇವರು ಚಕ್ಕುಬಂದಿ ಕೇಳಲಿಲ್ಲ," ಎಂದರು ಲಾಲ್ ಬೀ.

ನಾನು ಪ್ರಾಮಾಣಿಕ. ಒಂದು ವಾಕ್ಯವನ್ನು ಮೆಚ್ಚಿದೆನೆಂದೂ ಹೇಳಿದೆ. ಮಗ ಇರಲಿಲ್ಲವೆಂಬ ಮಾತ್ರಕ್ಕೆ ನಮ್ಮ ಅಪ್ಪನ ಹೆಸರು ಏಕೆ ಅಳಿಯಬೇಕು ಎಂದು ಆ ಹೆಣ್ಣುಮಕ್ಕಳು ಕೇಳುತ್ತಾರೆ. ತಮ್ಮ ಪಾಲಿಗಿಂತ ಮೊದಲು ಅಪ್ಪನ ಹೆಸರನ್ನು ಎತ್ತುತ್ತಾರೆ. ಅದು ಪಳಗಿದ ಕೈಯ ಕೆಲಸ. ಐವತ್ತೊಂದು ವರ್ಷಗಳಲ್ಲಿ ನನಗೆ ಅಂಥ ವಾಕ್ಯ ಹೊಳೆದಿಲ್ಲ.

"ಐದೂ ಮಂದಿ ಹೆಸರು ಅದಾವು ನೋಡ್ರಿ," ಎಂದರು ಲೇಯಾಬಾಯಿ. "ಮಹ್ಲಾ, ನೋಯಾ, ಹೊಗ್ಲಾ, ಮಿಲ್ಕಾ, ತಿರ್ಜಾ. ಆಗೇನು ಹೆಣ್ಮಕ್ಕಳ ಹೆಸರು ಬರಿಯೋ ಕಾಲ ಆಗಿತ್ತೇನು? ಆದ್ರೂ ಬರದಾವ ಒಂದೂ ಬಿಡಲಿಲ್ಲ. ಯಾಕ್ರಿ?"

ವಾಡಿಕೆ ತಪ್ಪಿ ಬರೆದಿದ್ದಾನೆ ಎಂದೆ.

"ಅದು ಜವಾಬಲ್ಲ. ಪ್ರಶ್ನಿ ಮನಿಗೆ ಒಯ್ರಿ."

ಒಯ್ದಿಲ್ಲ. ಅಲ್ಲಿಯೇ ಬಿಟ್ಟು ಬಂದಿದ್ದೇನೆ.

೨೬ ಜುಲೈ, ಶನಿವಾರ

ಇಂದು ನನಗೆ ಜಯವಾಗಬೇಕಿತ್ತು. ಈ ವಾರದ ಭಾಗದಲ್ಲಿ ಆ ಹೆಣ್ಣುಮಕ್ಕಳ ಚಿಕ್ಕಪ್ಪ ದೊಡ್ಡಪ್ಪಂದಿರ ಕಡೆಯವರು ಪ್ರತಿ ಅರ್ಜಿ ಸಲ್ಲಿಸುತ್ತಾರೆ. ಇವರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನಮ್ಮ ಭೂಮಿ ಪರರ ಪಾಲಾಗುತ್ತದಲ್ಲ ಎನ್ನುತ್ತಾರೆ. ಅವರ ವಾದಕ್ಕೂ ಮನ್ನಣೆ ಸಿಗುತ್ತದೆ; ಮದುವೆ ಕುಲದೊಳಗೇ ಆಗಲಿ ಎಂದು ಆಜ್ಞೆಯಾಗುತ್ತದೆ. ನೋಡಿ, ಚಿಕ್ಕಪ್ಪಂದಿರಿಗೂ ನ್ಯಾಯವೆಂಬುದಿದೆ ಎಂದು ನಾನು ಕುರ್ಚಿಯ ಕೈ ತಟ್ಟಿ ಹೇಳಿದೆ.

"ಖರೇ ಐತಿ," ಎಂದರು ಲಾಲ್ ಬೀ. "ಆದ್ರ ಆ ಕಾಕಾಗೋಳು, ನಮ್ಮಣ್ಣಗ ಹೆಣ್ಮಕ್ಕಳ ಇಲ್ಲ ಅಂತ ಬರದು ಕೊಟ್ಟಿದ್ರೇನ್ರಿ?"

ಮಕ್ತುಂ ಸಾಬ್ ಹೆಂಡತಿಯ ಸೆರಗು ಜಗ್ಗಿದರು.

ಲೇಯಾಬಾಯಿ ಪುಸ್ತಕ ಮುಚ್ಚಿದರು. "ಆ ಕಾಕಾಗೋಳ ಹೆಸರು ಒಂದೂ ಇಲ್ರಿ ಇದರಾಗ. ಹುಡುಗ್ಯಾರ ಐದು ಹೆಸರು ಇಲ್ಲೂ ಮತ್ತ ಬರದಾನ." ಪುಸ್ತಕವನ್ನು ಬದಿಗಿಟ್ಟು, "ಗೀತಾಂಜಲಿನ ಈ ಕೈಲೆ ಎತ್ತೀನಿ ನಾನು. ತೊಂಬತ್ತನೇ ಇಸವಿ. ಅಜ್ಜಯ್ಯ ವರಾಂಡದಾಗ ನಿಂತಿದ್ದ. ಚೀಟಿಗೆ ಕೂಸಿನ ಹೆಸರೇನು ಬರಿಲಿ ಅಂದೆ. ‘ತಡೀರಿ, ನಮ್ಮ ತಮ್ಮ ಬರ್ತಾನ, ಹೆಸರು ಬರಿಯಾದು ಅವನ ಕೆಲಸ’ ಅಂದ. ನೀವು ಸೈಕಲ್ ಮ್ಯಾಲೆ ಬಂದ್ರಿ. ಹೆಸರು ನೀವ ಇಟ್ರಿ, ನೀವ ಬರದ್ರಿ."

ಇದನ್ನು ನಾನು ಮರೆತಿದ್ದೆನೆಂದಲ್ಲ. ನೆನೆಯುವ ಪ್ರಸಂಗ ಬಂದಿರಲಿಲ್ಲ, ಅಷ್ಟೆ.

ಇಂದಿಗೆ ನಾಲ್ಕನೆಯ ಪುಸ್ತಕ ಮುಗಿಯಿತು. ಪುಸ್ತಕವೊಂದು ಮುಗಿದಾಗ ಎಲ್ಲರೂ ಎದ್ದು ನಿಂತು ‘ಹಜಕ್, ಹಜಕ್, ವೆನಿತ್‌ಹಜೇಕ್’ ಎನ್ನಬೇಕು. ಗಟ್ಟಿಯಾಗಿರು, ಒಬ್ಬರನ್ನೊಬ್ಬರು ಗಟ್ಟಿ ಮಾಡೋಣ ಎಂದು ಅದರ ಅರ್ಥ. ಸಿಟ್ಟಿದ್ದರೂ ಎದ್ದು ನಿಂತು ಅಂದೆ. ಶಿಷ್ಟಾಚಾರಕ್ಕೆ ನಾನು ತಪ್ಪುವವನಲ್ಲ.

೨೭ ಜುಲೈ, ಭಾನುವಾರ

ಪೆನ್ನನ್ನು ಆ ತಟ್ಟೆಯಲ್ಲಿಯೇ ಬಿಟ್ಟು ಬಂದಿದ್ದೇನೆ. ಇದು ಅಮರೇಶನ ಬಾಲ್‌ಪೆನ್ನು. ಇದರಲ್ಲಿ ಬರೆಯುವುದು ಬರಹವೇ ಅಲ್ಲ. ನಾಲ್ಕನೆಯ ಕಲಮು ಬಾಕಿ.

೨೯ ಜುಲೈ, ಮಂಗಳವಾರ. ಪಂಚಮಿ

ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಪಂಚಮಿಗೆ ಗೀತಾಂಜಲಿಯನ್ನು ಕರೆತರಲು ಯಾರೂ ಹೋಗಲಿಲ್ಲ. ಅಮರೇಶ್ ಬೇಡವೆಂದ, ನಾನೂ ಸುಮ್ಮನಿದ್ದೆ. ಬೆಳಿಗ್ಗೆ ಸೊಸೆ ನಾಗಪ್ಪನಿಗೆ ಹಾಲೆರೆದಳು. ಒಂದೊಂದು ಹನಿಗೆ ಒಬ್ಬೊಬ್ಬರ ಪಾಲು ಹೇಳಿ ಎರೆಯುವುದು ನಮ್ಮ ಕಡೆಯ ಪದ್ಧತಿ: ಮಾವನ ಪಾಲು, ಗಂಡನ ಪಾಲು, ಮಕ್ಕಳ ಪಾಲು. ಮುಗಿಯಿತು.

ಹನ್ನೊಂದಕ್ಕೆ ಗೀತಾಂಜಲಿ ತಾನೇ ಬಂದಳು. ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ.

"ಕರಿಯಾಕ ಬರಲಿಲ್ಲಲ್ಲ ಕಾಕಾ, ಅದಕ್ಕ ನಾನ ಬಂದೆ. ಇದು ನಿನ್ನ ಮನಿ ಅಷ್ಟ ಅಲ್ಲ, ನಮ್ಮಪ್ಪ ಹುಟ್ಟಿದ ಮನಿ."

ಯಾರನ್ನೂ ಕೇಳದೆ ಹಾಲಿನ ಬಟ್ಟಲು ತೆಗೆದುಕೊಂಡು ನಾಗಪ್ಪನ ಮುಂದೆ ಕುಳಿತಳು. "ನಮ್ಮಪ್ಪನ ಪಾಲು. ಅವ್ವನ ಪಾಲು. ಕಾಕಾನ ಪಾಲು. ಅಮರೇಶಣ್ಣನ ಪಾಲು." ಯಾರನ್ನೂ ಬಿಡಲಿಲ್ಲ. ಅಜ್ಜಯ್ಯನ ಪಾಲನ್ನು ಬೆಳಿಗ್ಗೆ ಯಾರೂ ಎರೆದಿರಲಿಲ್ಲವೆಂಬುದು ನನಗೆ ಆಗ ತಿಳಿಯಿತು.

ಅವಳ ಅರ್ಜಿಯ ಲೋಪಗಳನ್ನು ನಾನು ಅವಳ ಮುಖಕ್ಕೇ ಹೇಳಿದೆ. ಹತ್ತನೇ ಇಯತ್ತೆಯಲ್ಲಿ ನನ್ನಿಂದ ಪ್ರಬಂಧ ತಿದ್ದಿಸಿಕೊಂಡವಳು ಇಂಥದ್ದನ್ನು ಕೊಡಬಹುದೇ ಎಂದು ಗದರಿದೆ.

"ನಿನ್ನ ಟೇಬಲ್ಲಿಗೆ ಬಂದಿದ್ರ ಬರಕೊಡ್ತಿದ್ದ್ಯೇನು?"

ನನ್ನ ಟೇಬಲ್ಲಿಗೆ ಬಂದವರನ್ನು ನಾನು ಇದುವರೆಗೆ ಹಿಂದಕ್ಕೆ ಕಳಿಸಿಲ್ಲ ಎಂದೆ. ಇದು ಸತ್ಯ.

"ಹಂಗಾರ ತಿದ್ದು," ಎಂದು ಚೀಲದಿಂದ ಅರ್ಜಿಯ ನಕಲು ತೆಗೆದು ಉಂಡಿ ಡಬ್ಬಿಯ ಕೆಳಗೆ ಇಟ್ಟು ಹೋದಳು.

ತಿದ್ದುವುದಿಲ್ಲ.

೩ ಆಗಸ್ಟ್, ಭಾನುವಾರ

ನಿನ್ನೆ ಲೇಯಾಬಾಯಿಯವರ ಮನೆಗೆ ಹೋಗಲಿಲ್ಲ. ಇಂದು ಮಕ್ತುಂ ಸಾಬ್ ಪೆನ್ನು ತಂದುಕೊಟ್ಟರು.

"ಪಾನಾ ಮರ್ತು ಬಂದ ಮಿಸ್ತ್ರಿನ ನಾ ನೋಡಿಲ್ಲ ಬಿಡ್ರಿ, ಹಾಲಸ್ವಾಮಿಯೋರ. ಅಲ್ಲ, ನಮ್ಮಾಕಿ ಮಾತು ಮನಸಿಗೆ ಹಚ್ಕೋಬ್ಯಾಡ್ರಿ. ನನಗ ಅಂದಿದ್ದನ್ನ ಹಚ್ಕೊಂಡಿದ್ರ ನಾನು ಎಂದೋ ಮಣ್ಣಾಗಿ ಹೋಗ್ತಿದ್ದೆ."

ನಾನು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ.

೬ ಆಗಸ್ಟ್, ಬುಧವಾರ

ಗೀತಾಂಜಲಿಯ ಅರ್ಜಿಯನ್ನು ತಿದ್ದಿದೆ. ಇದರಿಂದ ನಾನು ಅವಳ ವಾದವನ್ನು ಒಪ್ಪಿದೆನೆಂದು ಯಾರೂ ಭಾವಿಸತಕ್ಕದ್ದಲ್ಲ. ಈ ಊರಿನ ಕಚೇರಿಗೆ, ನನ್ನ ವಿರುದ್ಧವೇ ಆಗಲಿ, ಅಂಥ ಗದ್ಯ ಹೋಗಕೂಡದು. ಚಕ್ಕುಬಂದಿ ಸೇರಿಸಿದೆ. ಪ್ರಾರ್ಥನೆಯನ್ನು ಕೊನೆಗೆ ತಂದೆ. ‘ಮೋಸದಿಂದ’ ಎಂಬುದನ್ನು ಹೊಡೆದುಹಾಕಲು ಪೆನ್ನೆತ್ತಿದೆ. ಅದಕ್ಕಿಂತ ಖಚಿತವಾದ ಪದ ಸಿಗಲಿಲ್ಲ. ಹಾಗೆಯೇ ಬಿಟ್ಟೆ. ಮೊದಲ ಕಲಮಿನಲ್ಲಿ, ಮಗನಿಲ್ಲವೆಂಬ ಕಾರಣಕ್ಕೆ ತಂದೆಯ ಹೆಸರು ಅಲ್ಲಿಗೇ ನಿಲ್ಲಬಾರದು ಎಂಬ ಅರ್ಥದ ವಾಕ್ಯವೊಂದನ್ನು ಇಟ್ಟೆ. ಚೆನ್ನಾಗಿ ಕುಳಿತಿದೆ.

ಆದರೆ ಹಳೆಯ ವೃಕ್ಷ ತಪ್ಪೆಂದು ತೋರಿಸಲು ಅದನ್ನು ಬರೆದವನ ಪ್ರಮಾಣಪತ್ರ ಬೇಕು. ಅದು ಅವಳ ಪ್ರಕರಣವಲ್ಲ, ನನ್ನದು. ಬರೆಯಲು ಕುಳಿತೆ. ‘ಅಂದಿನ ವಾಡಿಕೆಗೆ ಅನುಸಾರವಾಗಿ’ ಎಂದು ಬಂತು. ಹರಿದೆ. ‘ಸದುದ್ದೇಶದಿಂದ’ ಎಂದು ಬಂತು. ಹರಿದೆ. ಐದು ಹಾಳೆ ಹೋದವು.

೮ ಆಗಸ್ಟ್, ಶುಕ್ರವಾರ

ಹರಿದ ಹಾಳೆಗಳನ್ನು ಅಮರೇಶ್ ನೋಡಿದ.

"ನೀ ಬರದಿದ್ದು ಸುಳ್ಳು ಅಂತ ನೀನ ಬರದು ಕೊಡ್ತೀಯಾ? ತಲಿ ನೆಟ್ಟಗೈತಿಲ್ಲೋ? ನಾಳಿಂದ ನಿನ್ನ ಟೇಬಲ್ಲಿಗೆ ಯಾರು ಬರ್ತಾರ?"

"ಯಾರೂ ಬರದಿದ್ರ ಬ್ಯಾವಿನ ನೆಳ್ಳು ನನಗೊಬ್ಬಂಗ ಸಾಕು," ಎಂದೆ.

"ತ್ವಾಟ ಇಪ್ಪತ್ತು ವರ್ಷದಿಂದ ನಾ ಮಾಡೀನಿ. ಆಕಿ ಒಂದಿನ ಹೂವ ಬಿಡಿಸಿಲ್ಲ."

ಅವನ ದುಡಿಮೆ ಸುಳ್ಳಲ್ಲ. ಅದನ್ನು ಅವನು ತನ್ನ ಹೆಸರಿನಲ್ಲಿ ಅರ್ಜಿ ಹಾಕಿ ಕೇಳಬಹುದು. ಅವನಿಗೂ ಬರೆದುಕೊಡುತ್ತೇನೆ ಎಂದೆ. ಊಟ ಬಿಟ್ಟು ಎದ್ದು ಹೋದ.

೯ ಆಗಸ್ಟ್, ಶನಿವಾರ

ತಟ್ಟೆಯಲ್ಲಿ ಪೆನ್ನಿಟ್ಟು ಒಳಗೆ ಹೋದೆ. ಕಳೆದ ವಾರ ಏಕೆ ಬರಲಿಲ್ಲವೆಂದು ಯಾರೂ ಕೇಳಲಿಲ್ಲ.

ಇಂದಿನ ಭಾಗದಲ್ಲಿ ಮೋಶೆಯದೇ ಅರ್ಜಿ. ನಲವತ್ತು ವರ್ಷ ಜನರನ್ನು ನಡೆಸಿದವನು, ನದಿ ದಾಟಿ ಆ ಒಳ್ಳೆಯ ಭೂಮಿಯನ್ನು ನೋಡಿಬರಲು ಬಿಡು ಎಂದು ಬೇಡುತ್ತಾನೆ. ದೇವರು, ಸಾಕು, ಈ ಮಾತು ಇನ್ನು ನನ್ನ ಬಳಿ ಎತ್ತಬೇಡ ಎನ್ನುತ್ತಾನೆ. ಬೆಟ್ಟ ಹತ್ತಿ ದೂರದಿಂದ ನೋಡಲಷ್ಟೇ ಅಪ್ಪಣೆ.

ನನಗೆ ಸಿಟ್ಟು ಬಂತು. ಆ ಅರ್ಜಿಯಲ್ಲಿ ದೋಷವಿಲ್ಲ ಎಂದೆ. ಮೊದಲು ಸ್ತುತಿ, ನಂತರ ಪ್ರಾರ್ಥನೆ, ಪ್ರಾರ್ಥನೆಯೂ ಚಿಕ್ಕದು. ಇಷ್ಟು ಶುದ್ಧವಾದ ಅರ್ಜಿಯನ್ನು ತಳ್ಳಿಹಾಕುವುದು ಯಾವ ನ್ಯಾಯ?

"ಹುಡುಗ್ಯಾರ ಅರ್ಜಿ ಒಯ್ದಾಗ ಪಾಸಾತು," ಎಂದರು ಲೇಯಾಬಾಯಿ. "ಅದಾ ಮೋಶೆ, ಅದಾ ದೇವರು. ಇವನದು ಯಾಕ ಆಗಲಿಲ್ಲ?"

ನನ್ನ ಬಾಯಿಂದ ಸುಂಕಪ್ಪನವರು ಮಾತಾಡಿದರು. ಅವರದನ್ನು ಇವನು ಒಯ್ದ. ಇವನದನ್ನು ಒಯ್ಯುವವರು ಯಾರೂ ಇರಲಿಲ್ಲ, ತನ್ನ ಅರ್ಜಿಯನ್ನು ತಾನೇ ಮಾಡಿಕೊಂಡ ಎಂದೆ.

ಲೇಯಾಬಾಯಿ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅರವತ್ತು ವರ್ಷ ಆತು ಈ ಭಾಗ ಓದಾಕತ್ತು. ಈ ಮಾತು ಯಾರೂ ಅಂದಿರಲಿಲ್ಲ."

"ಬರ್ಕೊಳ್ಳೋಣಂದ್ರ ಇವತ್ತು ಬರಿಯಂಗಿಲ್ಲ," ಎಂದರು ಲಾಲ್ ಬೀ.

ಹೊರಡುವಾಗ ಪೆನ್ನು ಮರೆಯಲಿಲ್ಲ. ಮನೆಗೆ ಬಂದು ಗೀತಾಂಜಲಿಗೆ ಫೋನು ಮಾಡಿ, ತಿದ್ದಿದ ಅರ್ಜಿ ತಯಾರಿದೆ, ನಾಳೆ ಬಂದು ಒಯ್ಯಿ ಎಂದೆ. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

೧೦ ಆಗಸ್ಟ್, ಭಾನುವಾರ

ಕಚೇರಿಗೆ ರಜೆ. ಬೇವಿನ ಮರದ ಕೆಳಗೆ ನಾವಿಬ್ಬರೇ. ನನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿದೆ. ಅರ್ಜಿದಾರರು ಕೂರುವ ಬೆಂಚಿನ ಮೇಲೆ ನಾನು ಕುಳಿತೆ. ಪೆನ್ನು ಕೊಟ್ಟು, ನನ್ನ ಪ್ರಮಾಣಪತ್ರವನ್ನು ನಾನು ಹೇಳಿದಂತೆ ಬರಿ, ನಾನು ತಡವರಿಸಿದರೆ ಕಾಯಬೇಡ, ಕೇಳು ಎಂದೆ.

ತಡವರಿಸಿದೆ. "ಆವಾಗ ನಿನಗ ಗೊತ್ತಿತ್ತೋ ಇಲ್ಲೋ ಕಾಕಾ, ನಾ ಅದೀನಿ ಅಂತ?" ಎಂದಳು.

ಗೊತ್ತಿತ್ತು ಎಂದೆ.

"ಹಂಗ ಬರಿಲೇನು?"

ಹಾಗೆಯೇ ಬರಿ ಎಂದೆ. ನನ್ನ ಕೈಗೆ ಐದು ಹಾಳೆಗಳಲ್ಲಿ ಬಾರದ್ದು ಅವಳ ಕೈಯಲ್ಲಿ ಒಂದು ಸಾಲಿನಲ್ಲಿ ಬಂತು.

ಕೊನೆಗೆ ಹೊಸ ವೃಕ್ಷ. ಅಜ್ಜಯ್ಯನೆಂಬ ಹೆಸರಿನ ಕೆಳಗೆ ಅವಳೇ ಗೆರೆ ಎಳೆದು ತನ್ನ ಹೆಸರು ಬರೆದಳು. ಸ್ಕೇಲು ಕೊಟ್ಟರೂ ಮುಟ್ಟಲಿಲ್ಲ. ಗೆರೆ ಎಡಕ್ಕೆ ಸೊಟ್ಟಗಾಗಿದೆ. ಬೇರೊಂದು ಹಾಳೆ ಕೊಡಲೇ ಎಂದೆ.

"ಇರಲಿ ಬಿಡು," ಎಂದಳು. ಇರಲೆಂದೆ. ಸಹಿ ಹಾಕಿದೆ.

೧೧ ಆಗಸ್ಟ್, ಸೋಮವಾರ

ಹಾಜರಾದೆ. ಹನ್ನೊಂದು ಕಲಮಿನ ನನ್ನ ಜವಾಬನ್ನು ಸಲ್ಲಿಸಲಿಲ್ಲ; ನಾಲ್ಕನೆಯದು ಕೊನೆಗೂ ಭರ್ತಿಯಾಗಿರಲಿಲ್ಲ, ಅಪೂರ್ಣ ಕಾಗದವನ್ನು ನಾನು ಯಾವ ಕಚೇರಿಗೂ ಕೊಡುವವನಲ್ಲ. ಗೀತಾಂಜಲಿ ತನ್ನ ಹೊಸ ಅರ್ಜಿ ಕೊಟ್ಟಳು, ನಾನು ಪ್ರಮಾಣಪತ್ರವನ್ನು ಕೊಟ್ಟೆ. ಅಮರೇಶ್ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ. ಬರುವುದಿಲ್ಲ ಎಂದಿದ್ದವನು ಬಂದಿದ್ದ.

ತಹಶೀಲ್ದಾರರು ನನಗಿಂತ ನಲವತ್ತು ವರ್ಷ ಚಿಕ್ಕವರು. ನನ್ನ ಕಾಗದವನ್ನು ಎರಡು ಸಲ ಓದಿದರು. ಇದರಿಂದ ತೋಟದ ಖಾತೆ ಬದಲಾಗಬಹುದು, ನಿಮ್ಮ ಮೇಲೆಯೇ ಕ್ರಮ ಆಗಬಹುದು, ತಿಳಿದಿದೆಯೇ ಎಂದರು. ಅದನ್ನು ತಿಳಿಯದೆ ಬರೆಸಿದ್ದರೆ ನಾನು ಇಷ್ಟು ವರ್ಷ ಹೊರಗೆ ಕುಳಿತದ್ದು ವ್ಯರ್ಥ, ಆಗುವುದು ಆಗಲಿ ಎಂದೆ. ಹಿಂದೆ ಯಾರೋ ನಕ್ಕರು. ನಾನು ತಿರುಗಿ ನೋಡಲಿಲ್ಲ.

ಅವರು ಮತ್ತೆ ಹಾಳೆಯನ್ನು ನೋಡಿ, "ಅಕ್ಷರ ನಿಮ್ಮದಲ್ಲವಲ್ಲ. ನಿಮ್ಮ ಕೈ ಇಡೀ ಕಚೇರಿಗೆ ಗೊತ್ತು. ಇದನ್ನು ಬರೆದವರು ಯಾರು?" ಎಂದರು.

ನಿಯಮಾನುಸಾರ ಕೊಡತಕ್ಕ ಉತ್ತರ ನನ್ನ ಬಳಿ ಸಿದ್ಧವಿತ್ತು: ಸದರಿ ಅರ್ಜಿದಾರರು. ಬಾಯಿಗೆ ಬಂದದ್ದು ಬೇರೆ.

"ನಮ್ಮಣ್ಣನ ಮಗಳ್ರಿ. ಗೀತಾಂಜಲಿ ಅಂತ. ಹೆಸರು ನಾನ ಇಟ್ಟಿದ್ದು."

ಗುಮಾಸ್ತ ಅದನ್ನು ನಾನು ಅಂದ ಹಾಗೆಯೇ ದಾಖಲೆಯಲ್ಲಿ ಬರೆದುಕೊಂಡ. ಓದಿ ತೋರಿಸಿ, ತಿದ್ದುಪಡಿ ಏನಾದರೂ ಉಂಟೇ ಎಂದು ಕೇಳಿದ.

ಇಲ್ಲವೆಂದೆ.